ಸತ್ತ ಮೇಲೆ ನಗುವ ಶಾಟ್

೧೯೮೬ರಲ್ಲಿ, ಎಂಟನೇ ತರಗತಿಗೆ ನಾನು ಓದು ನಿಲ್ಲಿಸಿದೆ. ಅಪ್ಪ ತೀರಿಕೊಂಡಿದ್ದರು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತೆ. ಹರಿಹರದ ನಮ್ಮ ಮನೆ ನಡೆದದ್ದು ನನ್ನ ದುಡಿಮೆಯಿಂದ. ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅಣ್ಣ ಸಿನಿಮಾ ಸೇರಿದ. ಹೀರೋ ಆಗುವ ಮುಖವಲ್ಲ. ಪೇದೆ, ಗೌಡರ ಗುಮಾಸ್ತ, ಕುಡುಕ, ಆಪರೇಷನ್ ಮುಗಿಸಿ ಹೊರಬಂದು ತಲೆ ಅಲ್ಲಾಡಿಸುವ ಡಾಕ್ಟರು, ಇಂಥವೇ ಅವನ ಪಾಲಿಗೆ ಬಂದವು. ಬಹಳ ಸಲ ಮಧ್ಯಂತರದೊಳಗೇ ಸತ್ತುಹೋಗುತ್ತಿದ್ದ.

ಅವ್ವನಿಗೆ ಅದೇ ಸಂಕಟ. "ಏನ್ ಪಾಪ ಮಾಡ್ಯಾನಂತ ನನ್ ಮಗನ್ನೇ ಸಾಯಿಸ್ತಾರೋ?" ಎಂದು ಅವನು ಊರಿಗೆ ಬಂದಾಗಲೆಲ್ಲ ಜಗಳ ತೆಗೆಯುತ್ತಿದ್ದಳು.

"ಹೆದರಬ್ಯಾಡವ್ವ. ಸಾಯೋ ಸೀನ್ ಮುಗಿದ್ ಕೂಡ್ಲೆ ಕ್ಯಾಮೆರಾ ಮುಂದೆ ಒಂದ್ಸಲ ನಗಿಸ್ತಾರೆ. ಅದು ಶಾಸ್ತ್ರ ಐತೆ. ನಗದೆ ಎದ್ದು ಹೋಗಂಗಿಲ್ಲ" ಎಂದು ಅಣ್ಣ ಸಮಾಧಾನ ಹೇಳಿದ.

ಆ ಪದ್ಧತಿ ಸಿನಿಮಾದವರಲ್ಲಿ ನಿಜವಾಗಿಯೂ ಇದೆ. ಆದರೆ ಆ ನಗು ತೆರೆಯ ಮೇಲೂ ಬರುತ್ತದೆಂದು ಅವ್ವ ತಿಳಿದಳು. ಅವನ ಮುಂದಿನ ಸಿನಿಮಾ ಹರಿಹರಕ್ಕೆ ಬಂದಾಗ, ಎಲ್ಲ ಮುಗಿದು ಲೈಟು ಹತ್ತಿದರೂ ಅವಳು ಕುರ್ಚಿ ಬಿಡಲಿಲ್ಲ.

"ಏಳ್ರಿ ಅಮ್ಮಾ, ಮುಗೀತು" ಎಂದ ಗೇಟ್‌ಕೀಪರ್.

"ನನ್ ಮಗ ಇನ್ನೂ ನಕ್ಕಿಲ್ಲಪ್ಪ."

"ಇನ್ನೊಂದ್ ಆಟಕ್ಕೆ ಕೂಡ್ರಿ, ಆವಾಗಾದ್ರೂ ನಗ್ತಾನೇನೋ ನೋಡಾಣ!"

ಅವನು ತಮಾಷೆಗೆ ಅಂದದ್ದು. ಅವ್ವ ಮತ್ತೊಂದು ಟಿಕೆಟ್ ತರಿಸಿ ಕೂತೇಬಿಟ್ಟಳು. ಪಕ್ಕದಲ್ಲಿ ನಾನೂ ಕೂತೆ.

ಹೋದ ವರ್ಷ ಅಣ್ಣ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನನ್ನ ಮನೆಯಲ್ಲೇ ಎದೆನೋವಿನಿಂದ ತೀರಿಕೊಂಡ. ಪೂಜೆಗೆ ಫೋಟೊ ಬೇಕಾಯಿತು. ಅವ್ವನದು ಒಂದೇ ಹಟ. "ನಗೋದು ಇಡ್ರೋ. ಅವ ನಗದೆ ಹೋಗಬಾರ್ದು."

ಮನೆಯವರ ಮೊಬೈಲುಗಳನ್ನೆಲ್ಲ ಹುಡುಕಿದೆ. ಯಾರು ಫೋಟೊ ತೆಗೆಯಲು ಹೋದರೂ ಅಣ್ಣ ತಟ್ಟನೆ ಪೇದೆಯೋ ಗುಮಾಸ್ತನೋ ಆಗಿಬಿಡುತ್ತಿದ್ದ. ಸುತ್ತಲಿನವರು ನಗುತ್ತಿದ್ದರು, ಅವನು ಹುಬ್ಬು ಗಂಟಿಕ್ಕಿಕೊಂಡು ನಿಂತಿರುತ್ತಿದ್ದ. ಆಮೇಲೆ ಸಿನಿಮಾಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಒಂದರಲ್ಲಿ ಕುಡುಕನಾಗಿ ಹಲ್ಲು ಬಿಟ್ಟು ನಕ್ಕಿದ್ದ. ಅಲ್ಲೇ ನಿಲ್ಲಿಸಿ ಅವ್ವನ ಮುಂದೆ ಹಿಡಿದೆ.

ಅವಳು ಕನ್ನಡಕ ಏರಿಸಿಕೊಂಡು ನೋಡಿದಳು. "ಇದು ಕುಡುಕನ ನಗು ಬಿಡೋ. ನನ್ ಮಗ ಹಿಂಗ್ ನಗ್ತಿರ್ಲಿಲ್ಲ."

ಬೆಂಗಳೂರಿನಲ್ಲಿ ಎಡಿಟಿಂಗ್ ಕೆಲಸ ಮಾಡಿದ್ದ ಅಣ್ಣನ ಗೆಳೆಯರೊಬ್ಬರಿಗೆ ಫೋನ್ ಹಚ್ಚಿ, ಸತ್ತ ಮೇಲೆ ನಗುವ ಆ ಶಾಟ್‌ಗಳು ಎಲ್ಲಾದರೂ ಇವೆಯೇ ಎಂದು ಕೇಳಿದೆ. "ಅಯ್ಯೋ, ಅದನ್ನ ಯಾರ್ ಇಟ್ಕೋತಾರೆ ಸಾರ್? ಕತ್ತರಿಸಿ ಅವತ್ತೇ ಬಿಸಾಕ್ತಿದ್ವಿ" ಅಂದರು. ಆ ನಗು ಕಬ್ಬಿಣದ್ದಾಗಿದ್ದರೆ ಅಳತೆ ತಗೊಂಡು ನಾನೇ ಹೊಸದು ಮಾಡುತ್ತಿದ್ದೆ.

ಪೂಜೆ ಫೋಟೊ ಇಲ್ಲದೆಯೇ ಆಯಿತು. ಅವ್ವ ಇವತ್ತಿಗೂ, ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ, "ಸಿಕ್ತೇನೋ?" ಎನ್ನುತ್ತಾಳೆ. "ಹುಡುಕ್ತಾ ಇದೀನವ್ವ" ಎನ್ನುತ್ತೇನೆ.

ಈಗ ನನ್ನ ಬಳಿ ಅಣ್ಣನ ಇಪ್ಪತ್ತಾರು ಸಿನಿಮಾಗಳಿವೆ. ಹದಿನಾಲ್ಕರಲ್ಲಿ ಸಾಯುತ್ತಾನೆ. ಅವನದೇ ನಗು ಒಂದೂ ಇಲ್ಲ.