ತಳದ ಕಲ್ಲು

ತೊಂಬತ್ತರ ದಶಕದಲ್ಲಿ ನೀರೊಳಗಿನ ಹಾಕಿಗೆ, ಹೊರದೇಶದಲ್ಲಿ ಆಡಲು ಕಿರಿಯರ ತಂಡವೊಂದನ್ನು ಮೊದಲ ಸಲ ಕಟ್ಟುತ್ತಿದ್ದರು. ಉಸಿರು ಬಿಗಿಹಿಡಿದು, ಈಜುಕೊಳದ ತಳದಲ್ಲಿ ಸೀಸದ ಬಿಲ್ಲೆಯನ್ನು ಗೇಣುದ್ದದ ಕೋಲಿನಿಂದ ಗೋಲಿಗೆ ತಳ್ಳುವ ಆಟ. ಚಳ್ಳಕೆರೆಯ ಹೈಸ್ಕೂಲಿನ ಆಟದ ಮೇಷ್ಟ್ರು ನನಗೆ ಅದನ್ನು ಹೇಳಿಕೊಟ್ಟು, ವರ್ಗವಾಗಿ ಹೋದರು. ಆಮೇಲೆ ನಮ್ಮೂರು ದೇವಸಮುದ್ರದಲ್ಲಿ ಅದನ್ನು ಆಡುವವಳು ನಾನೊಬ್ಬಳೇ. ಓರಗೆಯವರು ಕುರಿ ಹೊಡೆದುಕೊಂಡು ಹೋದ ಮೇಲೆ ಬಾವಿಗಿಳಿದು, ಎದುರಾಳಿಯಿಲ್ಲದೆ ಹೆಂಚಿನ ಚೂರು ತಳ್ಳುತ್ತಿದ್ದೆ.

ಆ ಬಾವಿಗೊಂದು ಕಟ್ಟಳೆಯಿತ್ತು. ಮುಳುಗಿದವರು ತಳದಿಂದ ಕಲ್ಲು ತಂದು ಎತ್ತಿ ತೋರಿಸಬೇಕು; ಇಲ್ಲದಿದ್ದರೆ ಮುಳುಗಿದ್ದೇ ಸುಳ್ಳು. ಅವ್ವನೂ ಹಾಗೇ ಈಜು ಕಲಿತವಳು.

ಆ ಕಿರಿಯರ ತಂಡಕ್ಕೆ ಬೆಂಗಳೂರಿನಲ್ಲಿ ನಡೆದ ಆಯ್ಕೆ ಪಂದ್ಯದಲ್ಲಿ ಬಿಲ್ಲೆ ನನ್ನ ಮುಂದೆಯೇ ಬಂತು. ಕೈಯಿಂದ ಮುಟ್ಟಬಾರದೆಂದು ಚೆನ್ನಾಗಿ ಗೊತ್ತಿತ್ತು. ಕೈ ಮಾತ್ರ ಕೇಳಲಿಲ್ಲ. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಮೇಲೆದ್ದೆ, ಎಲ್ಲರಿಗೂ ಕಾಣುವಂತೆ ಎತ್ತಿದೆ. ಸೀಟಿ ಊದಿದರು, ಬಿಲ್ಲೆ ಕಿತ್ತುಕೊಂಡರು. ದಡದಲ್ಲಿ ನಕ್ಕವರ ಒಂದೊಂದು ಹಲ್ಲೂ ಇವತ್ತಿಗೂ ನೆನಪಿದೆ.

ತಂಡಕ್ಕೆ ಆಯ್ಕೆಯಾಗದೆ ಒಬ್ಬಳೇ ಬಸ್ಸು ಹತ್ತಿ ಊರಿಗೆ ಬಂದೆ. ಅವ್ವ ಮುದ್ದೆ ಕಟ್ಟುತ್ತಿದ್ದಳು.

"ತಳ ಮುಟ್ಟಿದ್ಯೇನೇ?" ಎಂದಳು.

"ಮುಟ್ಟಿದೆ ಕಣವ್ವ."

ಅವಳು ನನ್ನ ಬರಿಗೈ ನೋಡಿದಳು.

"ಮತ್ತೆ ಕಲ್ಲೆಲ್ಲೈತೆ?"