ಒಂಬತ್ತನೇ ಕಾರು ಬರುವ ತನಕ

ಸೆಕೆಂಡ್ ಪ್ರೈಜ್ ಬಂದದ್ದಕ್ಕೆ ಯಾರಾದರೂ ಬೀದಿಗೆಲ್ಲ ಜಿಲೇಬಿ ಹಂಚುತ್ತಾರಾ? ಸೋಮವಾರ ಬೆಳಗ್ಗೆ ನಾನು ಹಂಚಿದೆ. ಗುಬ್ಬಿಯ ನಮ್ಮ ಬೀದಿಯಲ್ಲಿ ಒಂದು ಮನೆಯನ್ನೂ ಬಿಡಲಿಲ್ಲ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಎದುರು ಮನೆಯವರಿಗೂ ಕೊಟ್ಟೆ. ತಗೊಂಡರು!

"ಏನ್ ತಾತ, ಕಾರ್ ರೇಸಲ್ಲಿ ಮೊಮ್ಮಗ್ಳು ಫಸ್ಟಾ?" ಎಂದು ಕೇಳಿದರು ಪಕ್ಕದ ಮನೆ ಜಯಮ್ಮ.

"ಇಲ್ಲ ಕಣಮ್ಮಾ, ಸೆಕೆಂಡು."

"ಸೆಕೆಂಡಿಗೇ ಇಷ್ಟ್ ಹಾರಾಡ್ತಿದ್ದೀರಾ? ಫಸ್ಟ್ ಬಂದಿದ್ರೆ ಆನೆ ಮೇಲೆ ಕೂರಿಸ್ತಿದ್ರೇನೋ!"

ಮೊದಲು ತಿನ್ನಮ್ಮಾ, ಆಮೇಲೆ ಹೇಳ್ತೀನಿ ಎಂದೆ. ಬಾಯಲ್ಲಿ ಜಿಲೇಬಿ ಇದ್ದರೆ ಜನ ನಡುವೆ ಬಾಯಿ ಹಾಕುವುದಿಲ್ಲ. ಈಗ ನಿಮಗೂ ಹೇಳುತ್ತೇನೆ.

ನಾನು ಯಾರೆಂದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ನಾಲ್ಕನೇ ಕ್ಲಾಸು ಓದಿ, ಮೂವತ್ತೊಂದು ವರ್ಷ ರೈಲ್ವೆ ಗೇಟಿನಲ್ಲಿ ಬಾವುಟ ಹಿಡಿದು ರಿಟೈರ್ ಆದ ಮುದುಕ. (ಕಾಗುಣಿತ ತಿದ್ದುವವರು ಪತ್ರಿಕೆಯವರು. ತಪ್ಪು ಉಳಿದಿದ್ದರೆ ಅವರನ್ನೇ ಕೇಳಿ.) ಮಗ ನಾಗರಾಜ ತುಮಕೂರಿನ ಮರಳೂರಿನಲ್ಲಿ ಕಾರು ಗ್ಯಾರೇಜ್ ಇಟ್ಟಿದ್ದಾನೆ. ಅವನ ಮಗಳು ಶಶಿಕಲಾ. ಬಿ.ಎಸ್ಸಿ. ಮುಗಿಸಿದ್ದಾಳೆ. ಕೈಯಲ್ಲಿ ಬಳೆಗಿಂತ ಗ್ರೀಸೇ ಜಾಸ್ತಿ. "ಹೆಣ್ಣು ಹುಡುಗಿಗೆ ಸ್ಟೇರಿಂಗ್ ಯಾಕೆ ಕೊಟ್ರಿ?" ಎಂದು ನೆಂಟರು ಕೇಳುತ್ತಾರೆ. ಎಡಕ್ಕೆ ಬಲಕ್ಕೆ ತಿರುಗಿಸುವುದಕ್ಕೆ, ಇನ್ಯಾಕೆ?

ತುಮಕೂರಿನಲ್ಲಿ ಕಾರಿನ ಹುಚ್ಚು ಹಿಡಿದವರದು ಒಂದು ಸಂಘ ಇದೆ. ಡಾಕ್ಟರು, ಮೇಷ್ಟ್ರು, ಕಂಟ್ರಾಕ್ಟರು. ಯಾರಿಗೂ ರೇಸು ಹೊಟ್ಟೆಪಾಡಲ್ಲ. ವಾರವೆಲ್ಲ ಕೆಲಸಕ್ಕೆ ಓಡಿಸುವ ಕಾರನ್ನೇ ಭಾನುವಾರ ರೇಸಿಗೆ ಇಳಿಸುತ್ತಾರೆ. ಹೋದ ಭಾನುವಾರ ಕೊತ್ತಗೆರೆ ಕಡೆ ಒಂದು ಒಣಗಿದ ಕೆರೆ ಅಂಗಳದಲ್ಲಿ ಆರು ಗಂಟೆಗಳ ಓಟ. ಬೆಳಗ್ಗೆ ಎಂಟಕ್ಕೆ ಶುರು, ಮಧ್ಯಾಹ್ನ ಎರಡಕ್ಕೆ ಮುಕ್ತಾಯ. ಅಷ್ಟರಲ್ಲಿ ಯಾರು ಹೆಚ್ಚು ಸುತ್ತು ಹೊಡೆಯುತ್ತಾರೋ ಅವರಿಗೆ ಬಹುಮಾನದ ಕಪ್ಪು. ಒಂದೊಂದು ಕಾರಿಗೆ ಇಬ್ಬಿಬ್ಬರು, ಸರದಿ ಮೇಲೆ. ನಮ್ಮ ಕಾರಿಗೆ ಮೊದಲ ಮೂರು ಗಂಟೆ ನಾಗರಾಜ, ಕೊನೆಯ ಮೂರು ಗಂಟೆ ಶಶಿ.

ನನಗೇನು ಕೆಲಸ? ಬಾವುಟ! ಬೇರೆ ಏನು ಬರುತ್ತದೆ ನನಗೆ?

ಸಂಘದ ಕಾರ್ಯದರ್ಶಿ ಡಾಕ್ಟರು ನನ್ನ ಕೈಗೆ ಹಳದಿ ಬಾವುಟ ಕೊಟ್ಟು ಪಾಠ ಹೇಳಿದರು. "ತಾತ, ಅಪಾಯ ಕಂಡ್ರೆ ಇದನ್ನ ಎತ್ತಿ. ನೀವೊಬ್ರು ಎತ್ತಿದ್ರೆ ಸುತ್ತಲೂ ಇರೋ ಬಾವುಟದವ್ರೆಲ್ಲ ಎತ್ತಬೇಕು. ಹಳದಿ ಇರೋವಷ್ಟೂ ಹೊತ್ತು ಎಲ್ಲಾ ಕಾರೂ ನಿಧಾನ. ಯಾರೂ ಯಾರನ್ನೂ ಓವರ್‌ಟೇಕ್ ಮಾಡಂಗಿಲ್ಲ. ಜಾಗ ಕ್ಲಿಯರ್ ಆದ್ ತಕ್ಷಣ ಇಳಿಸಿ."

ಶಶಿ ಪಕ್ಕದಲ್ಲೇ ಇದ್ದಳು. "ನಮ್ ತಾತನ ಕೈಗೆ ಬಾವುಟ ಕೊಟ್ರಾ? ಕೆಟ್ರಿ ಬುಡಿ ಡಾಕ್ಟ್ರೇ. ಗೇಟ್ ಹಾಕಿದ್ರೆ ತೆಗೆಯೋ ಆಸಾಮಿ ಅಲ್ಲ" ಎಂದು ನಕ್ಕಳು.

ಹೆಲ್ಮೆಟ್ ಹಾಕದವರನ್ನು, ಸೀಟಿಗೆ ಬೆಲ್ಟ್ ಕಟ್ಟಿಕೊಳ್ಳದವರನ್ನು ಡಾಕ್ಟರು ಕೆರೆಗೆ ಇಳಿಯಲು ಬಿಡಲಿಲ್ಲ. ಒಂಬತ್ತನೇ ನಂಬರ್ ಕಾರಿನ ರಂಗಸ್ವಾಮಿ ಮೇಷ್ಟ್ರು, ಕುಣಿಗಲ್ಲಿನವರು, ಬೆಲ್ಟಿನಿಂದ ಸೆಕೆ ಎಂದು ಗೊಣಗಿದರು. "ಕ್ಲಾಸಲ್ಲಿ ನೀವ್ ಹೇಳಿದ್ದು ಹುಡುಗ್ರು ಕೇಳ್ತಾರಲ್ವಾ ಮೇಷ್ಟ್ರೇ? ಇಲ್ಲಿ ನಾನ್ ಹೇಳಿದ್ದು ನೀವ್ ಕೇಳಿ" ಎಂದು ಡಾಕ್ಟರು ಅವರ ಬೆಲ್ಟನ್ನು ತಾವೇ ಬಿಗಿದರು.

ನನ್ನ ಜಾಗ ಏರಿಯ ತಿರುವು. ಕಾರುಗಳು ನನ್ನ ಹತ್ತಿರ ಬರುವ ಮೊದಲು ದಾರಿಯ ಬಲಕ್ಕೆ ಒಂದು ಹಳೇ ಕಾಲುವೆ, ಆಳವಾದದ್ದು, ಒಣಗಿದ್ದು. ಧೂಳೋ ಧೂಳು! ಕಾರು ಮೂಗಿನ ಮುಂದೆ ಬಂದಾಗಲೇ ನಂಬರ್ ಕಾಣುವುದು. ನಾನು ಏನು ಮಾಡಿದೆ ಗೊತ್ತೇ? ಎಣಿಸುತ್ತಾ ನಿಂತೆ. ಗೂಡ್ಸ್ ಗಾಡಿ ಹೋಗುವಾಗ ಡಬ್ಬಿ ಎಣಿಸುತ್ತಿದ್ದೆನಲ್ಲ, ಹಾಗೆ. ಹನ್ನೆರಡು ಕಾರು.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮುಂದೆ ಇದ್ದದ್ದು ಮೂರನೇ ನಂಬರ್, ಸದಾಶಿವನಗರದ ಕಂಟ್ರಾಕ್ಟರದು. ಅದರ ಬೆನ್ನಿಗೇ ನಮ್ಮ ಶಶಿ. ಇನ್ನೆರಡು ಸುತ್ತಿನಲ್ಲಿ ಹಿಂದಕ್ಕೆ ಹಾಕುತ್ತಾಳೆ ಎಂದು ಕುಣಿಯುವಂತಾಗಿತ್ತು ನನಗೆ. ಅಷ್ಟರಲ್ಲಿ ಐದನೇ ನಂಬರ್ ಕಾರು ರೇಡಿಯೇಟರ್ ಕುದಿದು, ನನ್ನ ತಿರುವಿನಲ್ಲಿ ಗಿರ್ರನೆ ಸುತ್ತಿ ಅಡ್ಡ ನಿಂತಿತು.

ಹಳದಿ ಎತ್ತಿದೆ. ಎಲ್ಲ ಕಡೆ ಹಳದಿ ಎದ್ದಿತು. ಕಾರುಗಳೆಲ್ಲ ಎಮ್ಮೆ ಮಂದೆಯ ಹಾಗೆ ಸಾಲಾಗಿ ನಿಧಾನಕ್ಕೆ ಬಂದವು. ಜನ ಓಡಿ ಬಂದು ಐದನೆಯದನ್ನು ಪಕ್ಕಕ್ಕೆ ತಳ್ಳಿದರು.

ಮೈಕಿನಲ್ಲಿ ಡಾಕ್ಟರ ದನಿ: "ಏರಿ ಮೇಲಿನ ತಾತ, ಟ್ರ್ಯಾಕ್ ಕ್ಲಿಯರ್. ಬಾವುಟ ಇಳಿಸಿ."

ನಾನು ಇಳಿಸಲಿಲ್ಲ.

ಯಾಕೆ? ರೈಲ್ವೆ ಗೇಟಿನಲ್ಲಿ ಒಂದು ಪದ್ಧತಿ ಇದೆ. ಇಂಜಿನ್ ದಾಟಿತೆಂದು ಬಾವುಟ ಸುತ್ತಿಡುವ ಹಾಗಿಲ್ಲ. ಕಟ್ಟಕಡೆಯ ಗಾರ್ಡ್ ಡಬ್ಬಿ ಕಣ್ಣಿಗೆ ಬೀಳಬೇಕು. ನಡುವೆ ಡಬ್ಬಿ ಕಳಚಿಕೊಂಡು ಹಿಂದೆ ಉಳಿದಿದ್ದರೆ? ಐದನೆಯದು ಪಕ್ಕಕ್ಕೆ ನಿಂತಿದೆ, ಉಳಿದದ್ದು ಹನ್ನೊಂದು. ನನ್ನ ಮುಂದೆ ಹೋದದ್ದು ಹತ್ತು. ಮತ್ತೊಂದು ಸುತ್ತು ನಂಬರ್ ನೋಡುತ್ತಾ ಎಣಿಸಿದೆ. ಹತ್ತೇ.

(ನಿಜ ಹೇಳುತ್ತೇನೆ, ರೇಸಿನಲ್ಲಿ ಇಂಥ ನಿಯಮ ಇರಲಿಲ್ಲ. ಜಾಗ ಖಾಲಿಯಾದರೆ ಇಳಿಸಬೇಕು, ಅಷ್ಟೇ. ರೈಲಿನ ಪದ್ಧತಿಯನ್ನು ಕಾರಿಗೆ ಹಾಕಿದ್ದು ನನ್ನ ತಪ್ಪು.)

ಮೈಕು ಕೂಗುತ್ತಲೇ ಇತ್ತು. ಸಾಲಿನಲ್ಲಿ ಬಂದ ಶಶಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಾತಾ! ಇಳ್ಸು ತಾತಾ! ಟೈಮ್ ಹೋಗ್ತೈತೆ!" ಎಂದು ಕಿರುಚಿದಳು. ಕಾರುಗಳಿಗೆ ನೀರು, ಪೆಟ್ರೋಲ್ ಹಾಕುವ ಟೆಂಟಿನ ಕಡೆಯಿಂದ ನಾಗರಾಜ ಕೆರೆ ಅಡ್ಡ ಹಾಯ್ದು ಏದುಸಿರು ಬಿಡುತ್ತಾ ಬಂದ.

"ಅಪ್ಪಾ, ತಲೆ ಕೆಟ್ಟಿದ್ಯಾ? ನಿನ್ ಮೊಮ್ಮಗ್ಳೇ ಸೋಲ್ತಾಳೆ ಕಣಪ್ಪಾ!"

"ಗಾರ್ಡ್ ಡಬ್ಬಿ ಬಂದಿಲ್ಲ ಕಣ್ಲಾ."

"ಯಾವ್ ಗಾರ್ಡು? ಇದು ರೈಲಲ್ಲ!"

"ಹಂಗಾದ್ರೆ ಒಂಬತ್ತನೇ ನಂಬರ್ ಎಲ್ಲಿ?"

"ಟೆಂಟ್ ತಾವ ನೀರ್ ಹಾಕ್ಸೋಕೆ ನಿಂತಿರ್ತದೆ."

"ನೀನ್ ಅಲ್ಲಿಂದ್ಲೇ ಬಂದಲ್ಲಾ. ಕಂಡ್ಯಾ?"

ಮಗ ಟೆಂಟಿನ ಕಡೆ ತಿರುಗಿ ನೋಡಿದ. ಆಮೇಲೆ ಕಾಲುವೆ ಕಡೆ ಓಡಿದ. ಇಳಿದವನು ಮರೆಯಾದ.

ಆಗ ಆಯಿತು ನೋಡಿ. ಸಾಲು ಮತ್ತೆ ಬಂತು. ಮೂರನೇ ನಂಬರ್ ಸಡಿಲ ಮರಳಿಗೆ ಸಿಕ್ಕಿ ಎಡಕ್ಕೆ ಜಾರಿತು. ಬಲಗಡೆ, ಕಾಲುವೆ ಪಕ್ಕ, ಒಂದು ಕಾರು ಸಲೀಸಾಗಿ ನುಗ್ಗುವಷ್ಟು ದಾರಿ ತೆರೆದುಕೊಂಡಿತು. ಹಿಂದೆಯೇ ಶಶಿ. ಅವಳ ಇಂಜಿನ್ ಗುರ್ರೆಂದು ಏರಿದ್ದು ನನಗೆ ಕೇಳಿಸಿತು. ಆ ಧೂಳಿನಲ್ಲಿ ನೋಡುವವನು ನಾನೊಬ್ಬನೇ, ಅದೂ ಅವಳ ತಾತ. ನುಗ್ಗಿದ್ದರೆ ನಾನು ದೂರು ಹೇಳುತ್ತಿದ್ದೆನೇ? (ಹೇಳುತ್ತಿದ್ದೆ. ಆದರೆ ಅದು ಅವಳಿಗೆ ಹೇಗೆ ಗೊತ್ತು?) ಬಾವುಟವನ್ನು ತಲೆಯ ಮೇಲೆತ್ತಿ ಹಿಡಿದೆ.

ಇಂಜಿನ್ ಸದ್ದು ಇಳಿಯಿತು. ಅವಳು ನುಗ್ಗಲಿಲ್ಲ.

ಆ ಬಲಗಡೆಯ ಅಂಚಿನಲ್ಲೇ, ಅದೇ ದಾರಿಯಲ್ಲೇ, ಮೊದಲು ಒಂದು ತಲೆ ಕಾಣಿಸಿತು, ಆಮೇಲೆ ಹೆಗಲು. ಹೆಗಲ ಮೇಲೆ ಮೇಷ್ಟ್ರನ್ನು ಹೊತ್ತು ನಾಗರಾಜ ಕಾಲುವೆಯಿಂದ ಮೇಲೆ ಬರುತ್ತಿದ್ದ. ನನ್ನ ಮಗ. ಅವಳ ಅಪ್ಪ. ಶಶಿಯ ಕಾರು ಅವನಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು.

ಒಂಬತ್ತನೆಯದು ಧೂಳಿನಲ್ಲಿ ದಾರಿ ತಪ್ಪಿ ಕಾಲುವೆಗೆ ಬಿದ್ದು ಮಗ್ಗುಲಾಗಿತ್ತು. ಮೇಷ್ಟ್ರು ಬೆಲ್ಟಿನಲ್ಲಿ ನೇತಾಡುತ್ತಿದ್ದರಂತೆ. ಪೆಟ್ರೋಲ್ ಸೋರುತ್ತಿತ್ತಂತೆ. ಭುಜದ ಮೂಳೆ ಮುರಿದಿದೆ, ಅಷ್ಟೇ. ಡಾಕ್ಟರು ಕೈಗೆ ಬಟ್ಟೆ ಕಟ್ಟುವಾಗ, "ಸೆಕೆ ಆಯ್ತಾ ಮೇಷ್ಟ್ರೇ?" ಎಂದರು. ಆ ನೋವಿನಲ್ಲೂ ಮೇಷ್ಟ್ರು ನಕ್ಕು, "ಸೋಮವಾರ ಮೊದಲ್ನೇ ಪೀರಿಯಡ್ಡು ಬೆಲ್ಟಿನ ಮೇಲೇ ಪಾಠ" ಎಂದರು.

ಒಂಬತ್ತು ಸಿಕ್ಕಿತು, ಮೇಷ್ಟ್ರನ್ನು ಸಾಗಿಸಿದರು, ನಾನು ಬಾವುಟ ಇಳಿಸಿದೆ. ಉಳಿದದ್ದು ಕಾಲು ಗಂಟೆ. ಅಬ್ಬಾ, ಆ ಹುಡುಗಿ ಅಟ್ಟಿಸಿಕೊಂಡು ಹೋದಳು ನೋಡಿ! ಕೆರೆ ಏರಿ ಮೇಲೆ ಜನ ಟವೆಲ್ ಬೀಸಿ ಕೂಗಿದರು. ಒಂದೇ ಒಂದು ಕಾರಿನುದ್ದಕ್ಕೆ ಕಪ್ಪು ತಪ್ಪಿತು. ಕಂಟ್ರಾಕ್ಟರು ಇಳಿದು ಬಂದು ಅವಳ ಕೈ ಕುಲುಕಿ, "ಆ ಗ್ಯಾಪಲ್ಲಿ ನೀನು ಹೋಗ್ತೀಯಾ ಅಂತಾನೇ ಅಂದ್ಕೊಂಡಿದ್ದೆ ಕಣಮ್ಮಾ" ಎಂದರು.

ಡಾಕ್ಟರು ಮೈಕಿನಲ್ಲೇ ಹೊಸ ನಿಯಮ ಸಾರಿದರು. ಇನ್ನು ಮುಂದೆ ಎಲ್ಲ ಕಾರುಗಳ ಲೆಕ್ಕ ಸಿಗುವ ತನಕ ಹಳದಿ ಇಳಿಯುವುದಿಲ್ಲ. ಅದಕ್ಕೆ 'ಗುಬ್ಬಿ ಗೇಟ್' ಎಂದು ಹೆಸರನ್ನೂ ಇಟ್ಟರು. ನಾಲ್ಕನೇ ಕ್ಲಾಸಿನವನು ಮಾಡಿದ ತಪ್ಪು ಈಗ ಡಾಕ್ಟರು, ಮೇಷ್ಟ್ರುಗಳಿಗೆಲ್ಲ ಕಾನೂನು! ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ.

ಮನೆಗೆ ಬರುವಾಗ ಕಾರಿನಲ್ಲಿ ಶಶಿಯನ್ನು ಕೇಳಿದೆ. "ಇಂಜಿನ್ ಏರ್ಸಿದ್ಯಲ್ಲ ಮಗಾ, ಯಾಕ್ ನುಗ್ಗಲಿಲ್ಲ? ಅಪ್ಪ ಕಂಡ್ನಾ?"

"ಎಲ್ ಕಂಡ? ಏನೂ ಕಾಣ್ತಿರ್ಲಿಲ್ಲ. ನೀನ್ ಬಾವುಟ ಇಳ್ಸಿರ್ಲಿಲ್ವಲ್ಲ ತಾತ."

ಅಷ್ಟೇ. ಮೂವತ್ತೊಂದು ವರ್ಷ ಗೇಟು ಹಾಕಿದ್ದೇನೆ. ಕಂಬಿ ಕೆಳಗೆ ಸೈಕಲ್ ತೂರಿಸಿದವರನ್ನು ನೋಡಿದ್ದೇನೆ, ಸ್ಕೂಟರ್ ಮಲಗಿಸಿ ಎಳೆದವರನ್ನು ನೋಡಿದ್ದೇನೆ. ಎಲ್ಲರಿಗೂ ಅರ್ಜೆಂಟು. ರೈಲು ಕಾಣುತ್ತಿಲ್ಲವಲ್ಲ ಎನ್ನುತ್ತಾರೆ. ಕಂಡ ಮೇಲೆ ನಿಲ್ಲುವುದಕ್ಕೆ ಬಾವುಟ ಯಾಕೆ ಬೇಕು?

ಜಯಮ್ಮ ಎರಡನೇ ಜಿಲೇಬಿಗೆ ಕೈ ಹಾಕಿ, "ಆದ್ರೂ ಫಸ್ಟ್ ಬಂದಿದ್ರೆ ಚೆನ್ನಾಗಿತ್ತು ತಾತ" ಎಂದರು.

ಹನ್ನೆರಡು ಕಾರು ಕೆರೆಗೆ ಇಳಿದವು, ಇಳಿದಷ್ಟೂ ಜನ ಜೀವಂತ ಮನೆ ಸೇರಿದರು. ಇದಕ್ಕಿಂತ ದೊಡ್ಡ ಫಸ್ಟ್ ಯಾವುದಮ್ಮಾ?