ಕೆಂಪಣ್ಣನ ಗೇಟ್‌ವಾಲು

ಕೆಂಪಣ್ಣ ಯಾವ ಮೆಷಿನ್ನನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ, ಮೂಗಿನಿಂದ ನೋಡುತ್ತಿದ್ದರು. ಚನ್ನಪಟ್ಟಣದ ಅವರ ರಿಪೇರಿ ಅಂಗಡಿಗೆ ಪಂಪ್‌ಸೆಟ್ ಮೋಟರು ಬರಲಿ, ಮಿಕ್ಸಿ ಬರಲಿ, ಬಗ್ಗಿ ಮೂಸಿ, "ಕಾಯಿಲು ಸುಟ್ಟೈತೆ" ಅಂತಲೋ, "ಏನೂ ಆಗಿಲ್ಲ, ಸುಮ್ಕೆ ನಾಟಕ ಆಡ್ತೈತೆ" ಅಂತಲೋ ತೀರ್ಪು ಕೊಡುತ್ತಿದ್ದರು. ತೀರ್ಪು ತಪ್ಪಿದ ದಿನ ಅವರಿಗೆ ನೆಗಡಿ ಆಗಿರುತ್ತಿತ್ತು.

ನಾನು ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವನು. ಒಂದು ಸಲ ಅದು ಸುಮ್ಮನೆ ಇಟ್ಟರೂ ಗುಂಯ್ ಎನ್ನತೊಡಗಿತು. ವಾಲ್ಯೂಮ್ ತಿರುಗಿಸಿದರೆ ಕರಕರ ಬೇರೆ. ಆರ್ಕೆಸ್ಟ್ರಾದ ಯಜಮಾನ, ಕೀಬೋರ್ಡಿನ ಪುಟ್ಟರಾಜು, "ನಾಳೆ ಅಕ್ಕೂರು ಮದ್ವೇಲೂ ಹಿಂಗೇ ಆದ್ರೆ ನೀನು ಇನ್ಮೇಲೆ ಮನೇಲಿರು. ನಿನ್ ಕೆಲ್ಸಾನ ನಾನು ಎಡಗೈಲಿ ಮಾಡ್ತೀನಿ" ಎಂದುಬಿಟ್ಟ. ಕೀಬೋರ್ಡಿನಲ್ಲಿ ಬೇಸ್ ನುಡಿಸುವುದು ನಿಜವಾಗಿಯೂ ಎಡಗೈ ಕೆಲಸವೇ. ಅದಕ್ಕೇ ನನಗೆ ಹೊಟ್ಟೆ ಉರಿದದ್ದು. ಗಿಟಾರ್ ಹೊತ್ತು ಕೆಂಪಣ್ಣನ ಹತ್ತಿರ ಓಡಿದೆ.

ಮೂಸಿದರು. ತಂತಿ ಎಣಿಸಿದರು. "ಇನ್ನೆಲ್ಡು ಎಲ್ಲೋದವ್ಲಾ?"

"ಬೇಸ್‌ಗೆ ನಾಲ್ಕೇ ಅಣ್ಣ."

ಅರೆಮನಸ್ಸಿನಿಂದ ಒಪ್ಪಿಕೊಂಡರು. ಸ್ಪೀಕರಿಗೆ ಸಿಕ್ಕಿಸಿ ನೋಡಿದರು. ತಂತಿ ಮೇಲೆ ಕೈಯಿಟ್ಟರೆ ಗುಂಯ್ ನಿಲ್ಲುತ್ತಿತ್ತು, ತೆಗೆದರೆ ಮತ್ತೆ ಶುರು. "ಎತ್ಕೊಂಡ್ರೆ ಸುಮ್ಕಾಯ್ತದೆ, ಇಳ್ಸುದ್ರೆ ಅಳ್ತದೆ. ಕೂಸು ಕಣ್ಲಾ ಇದು! ಅರ್ತಿಂಗ್ ಕಿತ್ತೋಗೈತೆ." ಹಿಂದಿನ ಮುಚ್ಚಳ ಬಿಚ್ಚಿದರೆ ಹೌದು, ಒಂದು ವೈರು ಜೋತಾಡುತ್ತಿತ್ತು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ" ಎಂದು ಗಿಟಾರಿನ ಪಾಲಿಶ್ಶನ್ನು ಬೈಯುತ್ತಾ ಬೆಸೆದರು.

ಕರಕರ ಎನ್ನುವ ವಾಲ್ಯೂಮನ್ನೂ ಕಿತ್ತು ಹಳೇ ರೇಡಿಯೋದ್ದನ್ನು ಕೂರಿಸಿದರು. ಅದಕ್ಕೆ ಹಿಡಿಯಿರಲಿಲ್ಲ. ಪಕ್ಕದ ಬೊಂಬೆ ಕಾರ್ಖಾನೆಯಿಂದ ಆಟಿಕೆ ಗಾಡಿಯ ಕೆಂಪು ಅರಗಿನ ಚಕ್ರ ತಂದು ತುರುಕಿದರು. ಮತ್ತೆ ಸ್ಪೀಕರಿಗೆ ಸಿಕ್ಕಿಸಿದರೆ ಗುಂಯ್ ಮಾಯ! ಆ ಖುಷಿಯಲ್ಲಿ ಚಕ್ರ ತಿರುಗಿಸಿ ನೋಡಲು ಮರೆತೆ.

ಅಕ್ಕೂರಿನಲ್ಲಿ ಮೊದಲ ಹಾಡಿಗೇ ಪುಟ್ಟರಾಜು, ಸೌಂಡ್ ಕಮ್ಮಿ ಮಾಡು ಎಂದು ಸನ್ನೆ ಮಾಡಿದ. ಎಡಕ್ಕೆ ತಿರುಗಿಸಿದೆ. ಜಾಸ್ತಿಯಾಯಿತು. ಕಣ್ಣು ಬಿಟ್ಟ. ಗಾಬರಿಯಲ್ಲಿ ಪೂರ್ತಿ ಎಡಕ್ಕೆ ತಿರುಗಿಸಿದೆ. ಅಯ್ಯಯ್ಯಪ್ಪಾ! ಚಪ್ಪರದ ತಗಡು ಅದುರಿತು, ಊಟದ ಪಂಕ್ತಿಯಲ್ಲಿ ಲೋಟಗಳು ಕುಣಿದವು. ಹಾಡು ಮುಗಿಯುತ್ತಲೇ ಗಂಡಿನ ಸೋದರಮಾವ ವೇದಿಕೆಗೆ ಹತ್ತಿಬಂದ. ನನ್ನ ಕಥೆ ಮುಗೀತು ಅಂದುಕೊಂಡೆ.

"ಎದೆಗೇ ಗುದ್ದುದಂಗಾಯ್ತದಲ್ಲಪ್ಪಾ! ನನ್ ಮಗನ ಮದ್ವೆಗೂ ಈ ಗಿಟಾರೇ ಬರ್ಬೇಕು" ಎಂದ. ಪುಟ್ಟರಾಜು ಆಮೇಲೆ ಎಡಗೈ ಸುದ್ದಿ ಎತ್ತಲಿಲ್ಲ.

ಮಾರನೇ ದಿನ ಹೋಗಿ, "ಅಣ್ಣ, ವಾಲ್ಯೂಮು ಉಲ್ಟಾ ಆಗೈತೆ" ಎಂದೆ. ಕೆಂಪಣ್ಣನಿಗೆ ರೇಗಿತು.

"ತೋಟದ ಗೇಟ್‌ವಾಲು ಹೆಂಗ್ ತಿರುವ್ತೀಯ? ಎಡಕ್ಕೆ ತಿರುವುದ್ರೆ ನೀರು ಬತ್ತದೆ, ಬಲಕ್ಕೆ ತಿರುವುದ್ರೆ ನಿಲ್ತದೆ. ನೀರಿಗೊಂದು ಸದ್ದಿಗೊಂದು ಕಾನೂನೇನ್ಲಾ?"

ವಾಲ್ಯೂಮನ್ನು ಹಾಗೇ ಬಿಟ್ಟೆ. ಅಂದಿನಿಂದ ಬಸ್‌ಸ್ಟ್ಯಾಂಡಿನಲ್ಲಿ ಸಿಗಲಿ, ಟೀ ಅಂಗಡಿಯಲ್ಲಿ ಸಿಗಲಿ, "ನೀರು ಬತ್ತಾ ಐತೇನ್ಲಾ?" ಎಂದೇ ಕೇಳುತ್ತಿದ್ದರು. "ಬತ್ತಾ ಐತೆ ಅಣ್ಣ" ಎಂದರೆ ಮೀಸೆಯಲ್ಲೇ ನಗುತ್ತಿದ್ದರು.

ಹೋದ ವರ್ಷ ಕೆಂಪಣ್ಣ ತೀರಿಕೊಂಡರು. ಸ್ವಂತ ಅಣ್ಣನೇ ಹೋದಷ್ಟು ಸಂಕಟವಾಯಿತು. ಅದಾದ ಮೇಲಿನ ಮೊದಲ ಕಾರ್ಯಕ್ರಮಕ್ಕೆ ಮುಂಚೆ ಪುಟ್ಟರಾಜು ನನ್ನ ಗಿಟಾರ್ ಎತ್ತಿಕೊಂಡು, ಚಕ್ರವನ್ನು ಬಲಕ್ಕೆ ತಿರುಗಿಸಿ ಮೀಟಿದ. ಸದ್ದೇ ಇಲ್ಲ.

"ಲೇ, ಕೆಟ್ಟೋಗೈತೆ ಕಣ್ಲಾ! ತಗೊಂಡೋಗಿ ಕೆಂಪಣ್ಣಂಗೆ..." ಎಂದವನು ಗಿಟಾರನ್ನು ಮೆಲ್ಲಗೆ ಕೆಳಗಿಟ್ಟ.

ನಾನೇ ಎದ್ದುಹೋಗಿ ಆ ಕೆಂಪು ಚಕ್ರವನ್ನು ಎಡಕ್ಕೆ ತಿರುಗಿಸಿ ಮೀಟಿದೆ.

ನೀರು ಬಂತು.